‘ಇಲ್ಲ’ ಎನ್ನುವುದಕ್ಕೂ ಯೋಗ್ಯತೆ ಬೇಕು

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಹುಡುಗರ ಜೊತೆ ಕಾವಲೂರಿಗೆ ಹೋಗಿದ್ದೆ. ನಾನು ಕನ್ನಡ ಪಾಠ ಹೇಳುವವನು. ಭೌತಶಾಸ್ತ್ರದ ಮೇಷ್ಟ್ರಿಗೆ ಜ್ವರ ಬಂದದ್ದರಿಂದ ಬಸ್ಸಿನಲ್ಲಿ ಅವರ ಸೀಟು ನನ್ನ ಪಾಲಿಗೆ ಬಂದಿತ್ತು. ಕಾವಲೂರು ಇರುವುದು ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ನಾವು ಹೋದ ದಿನ ಸಂಜೆಯಿಂದಲೇ ಮೋಡ ಕವಿದಿತ್ತು. ಹುಡುಗನೊಬ್ಬ ತಲೆಯೆತ್ತಿ ನೋಡಿ, “ಇವತ್ತು ನಕ್ಷತ್ರಗಳೇ ಇಲ್ಲ ಸಾರ್” ಎಂದ. ಎಲ್ಲರೂ ನಕ್ಕೆವು.

ನೋಡಲು ಏನೂ ಸಿಗದಿದ್ದುದರಿಂದ ಕಥೆ ಕೇಳುವುದಾಯಿತು. ಅಲ್ಲಿನ ಒಂದು ಮೀಟರ್ ದೂರದರ್ಶಕ 1972ರಲ್ಲಿ ಕೆಲಸ ಶುರುಮಾಡಿತಂತೆ. ಅದೇ ವರ್ಷ ಅದು ಗುರುಗ್ರಹದ ಉಪಗ್ರಹ ಗ್ಯಾನಿಮೀಡ್‌ನ ಸುತ್ತ ತೆಳುವಾದ ವಾತಾವರಣವಿದೆ ಎಂಬುದನ್ನು ಪತ್ತೆಮಾಡಿತು ಎಂದು ಕೇಳಿ ಹುಡುಗರೆಲ್ಲ ಹೆಮ್ಮೆಪಟ್ಟರು. ವಾಪಸು ಬರುವಾಗ ಒಬ್ಬಳು ಕೇಳಿದಳು: “ಅಷ್ಟು ದೂರದ ಗಾಳಿ ಇಲ್ಲಿಂದ ಹೇಗೆ ಸಾರ್ ಕಾಣುತ್ತೆ?”

ನನಗೆ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ಓದತೊಡಗಿದೆ. ಅವಳ ಪ್ರಶ್ನೆಗೆ ಉತ್ತರ ಬೇಗನೆ ಸಿಕ್ಕಿತು. ಅದರ ಜೊತೆಗೆ, ಎಂದೋ ಹಾಸ್ಟೆಲಿನ ಕೋಣೆಯೊಂದರಲ್ಲಿ ನಾನು ಉತ್ತರಿಸದೆ ಬಿಟ್ಟು ಬಂದಿದ್ದ ಪ್ರಶ್ನೆಯೊಂದೂ ಮತ್ತೆ ಎದುರಿಗೆ ಬಂದು ನಿಂತಿತು.

ಮೊದಲು ಹುಡುಗಿಯ ಪ್ರಶ್ನೆ. ನಮ್ಮ ಚಂದ್ರ ಆಕಾಶದಲ್ಲಿ ಸರಿಯುತ್ತ ಹೋಗುವಾಗ ಆಗಾಗ ಯಾವುದಾದರೂ ನಕ್ಷತ್ರವನ್ನು ಮರೆಮಾಡುತ್ತಾನೆ. ಖಗೋಳಶಾಸ್ತ್ರದಲ್ಲಿ ಇದಕ್ಕೆ ಆಚ್ಛಾದನೆ ಎನ್ನುತ್ತಾರೆ. ಚಂದ್ರನ ಅಂಚು ತಗುಲಿದ ಕೂಡಲೇ ನಕ್ಷತ್ರ ಸ್ವಿಚ್ ಒತ್ತಿದ ಹಾಗೆ ಆರಿಹೋಗುತ್ತದೆ. ಮಂಕಾಗುವುದಿಲ್ಲ, ಒಮ್ಮೆಲೇ ಇಲ್ಲವಾಗುತ್ತದೆ. ಚಂದ್ರನಿಗೆ ಹೇಳಿಕೊಳ್ಳುವಂಥ ಗಾಳಿ ಇಲ್ಲ ಎನ್ನಲು ಇದು ಹಳೆಯ ಸಾಕ್ಷ್ಯಗಳಲ್ಲೊಂದು. ಗಾಳಿ ಇದ್ದಿದ್ದರೆ ನಕ್ಷತ್ರದ ಬೆಳಕು ಅದರಲ್ಲಿ ಬಾಗಿ, ಹರಡಿ, ಮೆಲ್ಲಗೆ ಕುಂದಿ ಆಮೇಲೆ ಮಾಯವಾಗುತ್ತಿತ್ತು. ಅಂದರೆ ದೂರದ ಲೋಕದ ಗಾಳಿಯನ್ನು ನಾವು ಗಾಳಿಯಾಗಿ ನೋಡುವುದಿಲ್ಲ. ಅದರ ಹಿಂದೆ ಸರಿದ ಬೆಳಕು ಹೇಗೆ ನಂದಿತು ಎಂಬುದನ್ನು ನೋಡುತ್ತೇವೆ.

1972ರ ಜೂನ್ 7ರಂದು ಗ್ಯಾನಿಮೀಡ್ ಇಂಥದೇ ಒಂದು ನಕ್ಷತ್ರದ ಮುಂದೆ ಹಾದುಹೋಗಲಿತ್ತು. ಬರಿಗಣ್ಣಿಗೆ ಕಾಣದ ಆ ನಕ್ಷತ್ರಕ್ಕೆ ಹೆಸರಿಲ್ಲ, ಪಟ್ಟಿಯಲ್ಲಿ ಒಂದು ಸಂಖ್ಯೆ ಮಾತ್ರ ಇದೆ. ಕಾವಲೂರಿನಿಂದಲೂ ಜಾವಾ ದ್ವೀಪದ ಲೆಂಬಾಂಗ್‌ನಿಂದಲೂ ಅದನ್ನು ನೋಡಿದರು. ನೋಡುವುದು ಎಂದೆನಾದರೂ ಸಂಗತಿ ಅಷ್ಟು ಸರಳವಲ್ಲ. ಪಕ್ಕದಲ್ಲೇ ಗುರುವಿನ ಪ್ರಖರ ಬೆಳಕು. ಗ್ಯಾನಿಮೀಡ್ ತಾನೇ ಆ ನಕ್ಷತ್ರಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊಳೆಯುತ್ತದೆ. ಸಾಲದ್ದಕ್ಕೆ ನಮ್ಮ ತಲೆಯ ಮೇಲಿನ ಗಾಳಿ ಎಲ್ಲ ನಕ್ಷತ್ರಗಳನ್ನೂ ಸದಾ ಮಿನುಗಿಸುತ್ತಿರುತ್ತದೆ. ಇನ್ನೊಂದು ಲೋಕದ ಗಾಳಿಯನ್ನು ನಮ್ಮ ಗಾಳಿಯ ಮೂಲಕವೇ ಹುಡುಕಬೇಕು. ಹೀಗೆ ಬಂದ ಬೆಳಕಿನಲ್ಲಿ ಆಗುವ ಸಣ್ಣ ಇಳಿತವನ್ನು ಗೆರೆಯಾಗಿ ದಾಖಲಿಸಿಕೊಳ್ಳಬೇಕು. ಅವಕಾಶ ಸಿಗುವುದು ಕೆಲವು ನಿಮಿಷ ಮಾತ್ರ.

ಗೆರೆ ಕಡಿದಾಗಿ ಬೀಳಲಿಲ್ಲ, ಇಳಿಜಾರಾಗಿ ಇಳಿಯಿತು. ಹಾಗಾಗಿ ಗ್ಯಾನಿಮೀಡ್‌ಗೆ ವಾತಾವರಣ ಇದೆ, ಅದರ ಒತ್ತಡ ಸುಮಾರು ಒಂದು ಮೈಕ್ರೋಬಾರ್‌ಗಿಂತ, ಅಂದರೆ ನಮ್ಮ ನೆಲದ ಮೇಲಿನ ಒತ್ತಡದ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಹೆಚ್ಚು ಎಂದು ಅವರು ತೀರ್ಮಾನಿಸಿದರು. 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ಮೊದಲ ಹೆಸರು ಕಾರ್ಲ್‌ಸನ್ ಅವರದು. ಎರಡನೆಯದು ಮುಂದೆ ಬೆಂಗಳೂರಿನ ಆ ಸಂಸ್ಥೆಯ ನಿರ್ದೇಶಕರಾದ ಜೆ.ಸಿ. ಭಟ್ಟಾಚಾರ್ಯ ಅವರದು. ಅದೇ ಪ್ರಬಂಧ ಗ್ಯಾನಿಮೀಡ್‌ನ ವ್ಯಾಸವನ್ನು ಸುಮಾರು 5,270 ಕಿಲೋಮೀಟರ್ ಎಂದು ಹೇಳಿತು.

ಮುಂದಿನ ಸಂಗತಿ ನನಗೆ ಕುತೂಹಲ ತರಿಸಿತು. ವಾತಾವರಣ ಇದೆ ಎಂದಾದ ಮೇಲೆ ಅದು ಎಲ್ಲಿಂದ ಬಂತು ಎಂದು ವಿವರಿಸಬೇಕಲ್ಲ? 1977ರಲ್ಲಿ ಯುಂಗ್ ಮತ್ತು ಮೆಕೆಲ್ರಾಯ್ ಎಂಬ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿದರು. ಗ್ಯಾನಿಮೀಡ್‌ನ ಮೈತುಂಬ ಮಂಜುಗಡ್ಡೆ. ಅದರಿಂದೆದ್ದ ನೀರಿನ ಆವಿಯನ್ನು ಬಿಸಿಲು ಒಡೆಯುತ್ತದೆ, ಹಗುರವಾದ ಹೈಡ್ರೋಜನ್ ಹಾರಿಹೋಗುತ್ತದೆ, ಆಮ್ಲಜನಕ ಉಳಿದು ಶೇಖರವಾಗುತ್ತದೆ. ವಿವರಣೆ ಅಚ್ಚುಕಟ್ಟಾಗಿತ್ತು. ಕಂಡದ್ದಕ್ಕೆ ಒಂದು ಕಾರಣವೂ ಸಿಕ್ಕಿಬಿಟ್ಟರೆ ಕಂಡದ್ದು ಇನ್ನಷ್ಟು ನಿಜವೆನಿಸತೊಡಗುತ್ತದೆ.

ಎರಡೇ ವರ್ಷದ ನಂತರ, 1979ರ ಮಾರ್ಚ್‌ನಲ್ಲಿ, ವಾಯೇಜರ್ 1 ನೌಕೆ ಗುರುವಿನ ಹತ್ತಿರ ಹಾದುಹೋಯಿತು. ಅದು ಕೂಡ ಒಂದು ನಕ್ಷತ್ರ ಗ್ಯಾನಿಮೀಡ್‌ನ ಹಿಂದೆ ಮರೆಯಾಗುವುದನ್ನೇ ಗಮನಿಸಿತು, ಆದರೆ ಅತಿನೇರಳೆ ಬೆಳಕಿನಲ್ಲಿ. ಬಹಳ ತೆಳುವಾದ ಅನಿಲವೂ ಅತಿನೇರಳೆ ಬೆಳಕನ್ನು ಹೀರಿಕೊಳ್ಳುವುದರಿಂದ ಈ ಪರೀಕ್ಷೆ ಇನ್ನೂ ಸೂಕ್ಷ್ಮವಾದದ್ದು. ವಾಯೇಜರ್‌ಗೆ ಏನೂ ಕಾಣಲಿಲ್ಲ. ಗ್ಯಾನಿಮೀಡ್‌ನಲ್ಲಿ ಗಾಳಿ ಇದ್ದರೂ ಅದು 1972ರಲ್ಲಿ ಹೇಳಿದ್ದರ ನಲವತ್ತು ಸಾವಿರದಲ್ಲಿ ಒಂದು ಪಾಲನ್ನು ಮೀರಿರಲಾರದು ಎಂದು ತೀರ್ಮಾನವಾಯಿತು. ಗ್ಯಾನಿಮೀಡ್‌ನ ವ್ಯಾಸ ಮಾತ್ರ ಹೆಚ್ಚುಕಡಿಮೆ ಅಷ್ಟೇ ಬಂತು. ಒಂದೇ ರಾತ್ರಿ ಬರೆದ ಒಂದೇ ಗೆರೆಯಲ್ಲಿ ಅಳತೆ ಸರಿ, ಗಾಳಿ ತಪ್ಪು.

ಕಥೆ ಅಲ್ಲಿಗೂ ಮುಗಿಯಲಿಲ್ಲ. 1990ರ ದಶಕದಲ್ಲಿ ಹಬಲ್ ದೂರದರ್ಶಕ ಗ್ಯಾನಿಮೀಡ್‌ನ ಸುತ್ತ ಆಮ್ಲಜನಕದ ಮಸುಕು ಹೊಳಪನ್ನು ಕಂಡಿತು. ವಾಯೇಜರ್ ಹಾಕಿದ ಮಿತಿಗೂ ಕೆಳಗೆ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ, ಗಾಳಿ ಇದ್ದೇ ಇತ್ತು.

ಹಾಗಾದರೆ 1972ರವರು ಗೆದ್ದರೆ? ಇದೆ ಎಂದರು, ಇತ್ತಲ್ಲ! ನನಗೆ ಹಾಗನ್ನಿಸುವುದಿಲ್ಲ. ದೂರದಲ್ಲಿ ಧೂಳೆದ್ದದ್ದನ್ನು ಹೊಗೆಯೆಂದು ತಿಳಿದವನೊಬ್ಬ ಅಲ್ಲಿ ಬೆಂಕಿಯಿದೆ ಎನ್ನುತ್ತಾನೆ. ಹೋಗಿ ನೋಡಿದರೆ ಯಾರೋ ಅಲ್ಲಿ ಒಲೆ ಹಚ್ಚಿರುತ್ತಾರೆ. ಅವನ ಮಾತು ನಿಜವಾಯಿತು, ಆದರೆ ಅವನಿಗೆ ಬೆಂಕಿ ಇರುವುದು ತಿಳಿದಿತ್ತೆಂದು ಹೇಳಲಾಗದು. ನಿಜ ನುಡಿಯುವುದು ಬೇರೆ, ತಿಳಿದು ನುಡಿಯುವುದು ಬೇರೆ. ಇಷ್ಟಾದರೂ ಅವರ ಬಗ್ಗೆ ನನಗೆ ಗೌರವವೇ ಇದೆ. ಅವರು ಬರೀ ‘ಇದೆ’ ಎಂದು ಸುಮ್ಮನಾಗಲಿಲ್ಲ, ‘ಇಷ್ಟಕ್ಕಿಂತ ಹೆಚ್ಚು ಇದೆ’ ಎಂದು ಸಂಖ್ಯೆ ಕೊಟ್ಟರು. ಸಂಖ್ಯೆ ಕೊಟ್ಟವನು, ಬಾ, ಇದನ್ನು ಸುಳ್ಳೆಂದು ತೋರಿಸು ಎಂದು ಬಾಗಿಲು ತೆರೆದಿಟ್ಟ ಹಾಗೆ.

ಇದಕ್ಕೆ ಒಂದು ವರ್ಷ ಮೊದಲು, 1971ರ ಮೇನಲ್ಲಿ, ಗುರುವಿನ ಇನ್ನೊಂದು ಉಪಗ್ರಹ ಅಯೋ ಕೂಡ ಒಂದು ನಕ್ಷತ್ರವನ್ನು ಮರೆಮಾಡಿತ್ತು. ಅಲ್ಲಿ ಬೆಳಕು ಥಟ್ಟನೆ ಆರಿತು. ನೋಡಿದವರು ಅಯೋಗೆ ಗಾಳಿಯೇ ಇಲ್ಲ ಎಂದು ಬರೆಯಲಿಲ್ಲ. ಇದ್ದರೂ ಭೂಮಿಯ ಒತ್ತಡದ ಸುಮಾರು ಕೋಟಿಯಲ್ಲೊಂದು ಪಾಲಿಗಿಂತ ಹೆಚ್ಚಿರಲಾರದು ಎಂದು ಬರೆದರು. ಎಂಟು ವರ್ಷದ ನಂತರ ವಾಯೇಜರ್ ಅಲ್ಲಿ ಉರಿಯುವ ಜ್ವಾಲಾಮುಖಿಗಳನ್ನೂ ಅವು ಕಾರುವ ಗಂಧಕದ ಅನಿಲವನ್ನೂ ಕಂಡಿತು. 1990ರಲ್ಲಿ ಸ್ಪೇನಿನ ಬೆಟ್ಟದ ಮೇಲಿನ ರೇಡಿಯೋ ದೂರದರ್ಶಕ ನೆಲದಿಂದಲೇ ಆ ಅನಿಲವನ್ನು ಗುರುತಿಸಿತು. ಅಯೋಗೆ ವಾತಾವರಣವಿದೆ, ಆದರೂ 1971ರ ಮಾತು ಇಂದಿಗೂ ತಪ್ಪಾಗಿಲ್ಲ. ತಮ್ಮ ಕಣ್ಣು ಎಷ್ಟರವರೆಗೆ ಕಾಣಬಲ್ಲದು ಎಂಬುದನ್ನು ಅವರು ವಾಕ್ಯದೊಳಗೇ ಸೇರಿಸಿದ್ದರು.

‘ಇಲ್ಲ’ ಮತ್ತು ‘ಕಾಣಲಿಲ್ಲ’. ಕನ್ನಡದಲ್ಲಿ ಎರಡೂ ‘ಇಲ್ಲ’ದಲ್ಲೇ ಮುಗಿಯುತ್ತವೆ. ಎರಡರ ನಡುವೆ ಎಷ್ಟು ಅಂತರವಿದೆ ಎಂಬುದು ನಮ್ಮ ಮೀಮಾಂಸಕರಿಗೆ ಚೆನ್ನಾಗಿ ಗೊತ್ತಿತ್ತು. ಕುಮಾರಿಲ ಭಟ್ಟನ ಪರಂಪರೆಯವರೂ ಆಮೇಲೆ ಅದ್ವೈತಿಗಳೂ ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನೇ, ಒಂದು ಪ್ರಮಾಣವೆಂದು ಒಪ್ಪಿದರು. ಅವರ ಉದಾಹರಣೆ ಎಲ್ಲರಿಗೂ ತಿಳಿದದ್ದೇ: ನೆಲದ ಮೇಲೆ ಮಡಕೆ ಇಲ್ಲ. ಅದು ನನಗೆ ಹೇಗೆ ಗೊತ್ತಾಯಿತು? ಮಡಕೆ ಕಾಣದ್ದರಿಂದ. ಆದರೆ ಕತ್ತಲೆ ಕೋಣೆಯಲ್ಲಿ ನಿಂತು ಮಡಕೆ ಕಾಣಲಿಲ್ಲ, ಆದ್ದರಿಂದ ಇಲ್ಲ ಎಂದರೆ ನಡೆಯುವುದಿಲ್ಲ. ಅದು ಅಲ್ಲಿ ಇದ್ದಿದ್ದರೆ ನನಗೆ ಖಂಡಿತ ಕಾಣುತ್ತಿತ್ತು ಎನ್ನುವಂತಿರಬೇಕು. ಅಂಥ ಕಾಣದಿರುವಿಕೆಗೆ ಮಾತ್ರ ಪ್ರಮಾಣದ ಪಟ್ಟ. ಅದನ್ನು ಯೋಗ್ಯಾನುಪಲಬ್ಧಿ ಎಂದು ಕರೆದರು.

ಯೋಗ್ಯ ಎಂದರೆ ಇಲ್ಲಿ ಕಾಣಲು ತಕ್ಕದ್ದು. ದಿನಬಳಕೆಯ ಕನ್ನಡದಲ್ಲಿ ಆ ಮಾತಿಗೆ ಇನ್ನೊಂದು ಅರ್ಥವೂ ಇದೆ, ನನಗೆ ತಾಗಿದ್ದು ಅದು.

ಈಗ ಹಾಸ್ಟೆಲಿನ ಕೋಣೆಗೆ ಬರುತ್ತೇನೆ. ಎಂ.ಎ. ಓದುವಾಗ ನನಗೊಬ್ಬ ಗೆಳೆಯನಿದ್ದ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಪ್ರತಿ ರಜೆಯಲ್ಲೂ “ಊರಿಗೆ ಬಾರೋ” ಎಂದು ಕರೆಯುತ್ತಿದ್ದೆ. “ಬರ್ತೀನಿ ಬಿಡು” ಎನ್ನುತ್ತಿದ್ದ, ಬರುತ್ತಿರಲಿಲ್ಲ. ಸೋಮಾರಿ ಎಂದುಕೊಂಡಿದ್ದೆ. ಒಂದು ರಾತ್ರಿ ಜಾತಿಯ ವಿಚಾರಕ್ಕೆ ಮಾತು ಬಂತು. ನಾನು ಬಹಳ ವಿಶ್ವಾಸದಿಂದ, “ನಮ್ಮ ಮನೇಲಿ ಅದೆಲ್ಲ ಇಲ್ಲ ಮಾರಾಯ. ನಾನು ಹುಟ್ಟಿದಾಗಿನಿಂದ ನೋಡೇ ಇಲ್ಲ” ಎಂದೆ.

ಅವನು ಜಗಳ ಮಾಡಲಿಲ್ಲ. “ಇದ್ದಿದ್ರೆ ನಿಂಗೆ ಕಾಣ್ತಿತ್ತಾ?” ಎಂದು ಕೇಳಿದ.

ನಾನು ನಕ್ಕು ಮಾತು ಬದಲಿಸಿದೆ. ಅದೊಂದು ಜಾಣತನದ ಮಾತು ಎಂದು ತಿಳಿದಿದ್ದೆ. ಯೋಗ್ಯಾನುಪಲಬ್ಧಿಯ ಇಡೀ ಲಕ್ಷಣವನ್ನು ಅವನು ಮೂರು ಪದಗಳಲ್ಲಿ ಹೇಳಿದ್ದ ಎಂದು ತಿಳಿಯಲು ನನಗೆ ಗ್ಯಾನಿಮೀಡ್ ಬೇಕಾಯಿತು.

ಆ ಉಪಗ್ರಹಗಳ ಬಗ್ಗೆ ಓದುತ್ತಿದ್ದ ದಿನಗಳಲ್ಲೇ ಒಂದು ಮಧ್ಯಾಹ್ನ ನೆನಪಾಯಿತು. ನಮ್ಮ ಹಿತ್ತಲಲ್ಲಿ, ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ, ಒಂದು ಅಲ್ಯೂಮಿನಿಯಂ ಲೋಟ ಇರುತ್ತಿತ್ತು. ತೋಟದ ಕೆಲಸಕ್ಕೆ ಬರುತ್ತಿದ್ದವರು ಅದನ್ನು ತಾವೇ ತೆಗೆದುಕೊಂಡು ಬಂದು ಹಿಡಿಯುತ್ತಿದ್ದರು, ಅಜ್ಜಿ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದಳು. ಕುಡಿದ ಮೇಲೆ ಅವರೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ನಾನು ಏಳೆಂಟು ವರ್ಷದವನಿದ್ದಾಗ ಆಟದ ನಡುವೆ ಬಾಯಾರಿ ಆ ಲೋಟಕ್ಕೆ ಕೈ ಹಾಕಿದ್ದೆ. ಅಜ್ಜಿ ಓಡಿಬಂದು, ಬೈಯದೆ, ಪ್ರೀತಿಯಿಂದಲೇ, “ಅದು ಬೇಡ ಕಂದ, ಒಳಗೆ ಬಾ, ಬೆಳ್ಳಿ ಲೋಟದಲ್ಲಿ ಕೊಡ್ತೀನಿ” ಎಂದಿದ್ದಳು.

ನೆಲದ ಮೇಲೆ ಮಡಕೆ ಇತ್ತು, ಹಗಲು ಬೆಳಕೂ ಇತ್ತು. ನಾನದನ್ನು ಮುಟ್ಟಿಯೂ ಇದ್ದೆ. ಆದರೂ ‘ನೋಡೇ ಇಲ್ಲ’ ಎಂದು ಹೇಳಿದ್ದೆ, ಮತ್ತು ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದಿಷ್ಟೂ ಅನ್ನಿಸಿರಲಿಲ್ಲ. ನಮ್ಮ ಹಳೆಯ ತರ್ಕಕ್ಕೆ ಇದನ್ನೂ ಸೇರಿಸಬೇಕೆಂದು ನನಗನ್ನಿಸುತ್ತದೆ. ವಸ್ತು ಕಾಣುವಂತಿದ್ದರೆ ಸಾಲದು, ಬೆಳಕಿದ್ದರೂ ಸಾಲದು. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದೂ ಲೆಕ್ಕಕ್ಕೆ ಬರಬೇಕು. ಆ ಲೋಟ ಹಿಡಿದು ನಿಂತವರಿಗೆ ಅದು ಒಂದು ದಿನವೂ ಕಾಣದೆ ಇದ್ದಿರಲಾರದು. ನನ್ನ ಗೆಳೆಯ ರಜೆಗೆ ಯಾಕೆ ಬರಲಿಲ್ಲ ಎಂಬುದೂ ಆಗ ಹೊಳೆಯಿತು. ಅವನು ನಮ್ಮ ಮನೆ ನೋಡಿರಲಿಲ್ಲ. ಆದರೆ ಅಂಥ ಗೂಡುಗಳನ್ನು ನೋಡಿದ್ದ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ. “ಅಯ್ಯೋ, ಅದನ್ನೆಲ್ಲ ಯಾರೂ ಹೇಳಿ ಮಾಡಿಸಿದ್ದಲ್ಲಪ್ಪ, ಅವರೇ ಹಾಗೆ ಇಟ್ಕೋತಿದ್ರು” ಎಂದಳು. ಅವಳಿಗೂ ಕಂಡಿರಲಿಲ್ಲ. ಕಾವಲೂರಿನ ಹುಡುಗ ‘ನಕ್ಷತ್ರಗಳೇ ಇಲ್ಲ’ ಎಂದಾಗ ನಾವು ನಕ್ಕಿದ್ದು ಮೋಡ ಎದುರಿಗೇ ಇದ್ದದ್ದರಿಂದ. ಮೋಡ ಕಂಡರೆ ವಿವೇಕ ತಾನಾಗಿ ಬರುತ್ತದೆ. ಕಾಣದ ಮೋಡದ್ದೇ ತೊಂದರೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಕಾಣದ್ದೆಲ್ಲ ಇರಬಹುದು ಎಂದು ಹೊರಟರೆ ಯಾವುದನ್ನೂ ಇಲ್ಲ ಎನ್ನಲಾಗದು. ಹುಣಸೆಮರದ ದೆವ್ವವನ್ನೂ ಒಪ್ಪಬೇಕಾಗುತ್ತದೆ, ಕಂಡಕಂಡವರನ್ನೆಲ್ಲ ಅನುಮಾನಿಸಬೇಕಾಗುತ್ತದೆ. ಇಳಿಜಾರು ಕಾಣಲೇಬೇಕೆಂದು ಕೂತವನಿಗೆ ಎಲ್ಲ ಗೆರೆಗಳೂ ಇಳಿಜಾರಾಗಿ ಕಂಡಾವು. ನಿಜ. ಆದರೆ ವಾಯೇಜರ್ ಮಾಡಿದ್ದು ಇದಕ್ಕೆ ಉತ್ತರ. ಅದು ‘ಏನು ಬೇಕಾದರೂ ಇರಬಹುದು’ ಎಂದು ಕೈಚೆಲ್ಲಲಿಲ್ಲ. ಇಷ್ಟಿದ್ದಿದ್ದರೆ ನನಗೆ ಕಾಣುತ್ತಿತ್ತು, ಕಾಣಲಿಲ್ಲ, ಆದ್ದರಿಂದ ಇಷ್ಟಿಲ್ಲ ಎಂದಿತು. ‘ಇಲ್ಲ’ ಎನ್ನಬಾರದು ಎಂಬುದಲ್ಲ ನನ್ನ ವಾದ. ಅದಕ್ಕೊಂದು ಅಳತೆ ಕಟ್ಟಬೇಕು, ಆ ಅಳತೆಗೆ ತಕ್ಕಷ್ಟು ಹುಡುಕಿರಬೇಕು. ಯಾವುದನ್ನೂ ಹೇಳಲಾಗದು ಎಂದು ಕೂರುವುದು ವಿನಯದಂತೆ ಕಾಣುತ್ತದೆ, ಬಹಳ ಸಲ ಅದು ಹುಡುಕುವ ಶ್ರಮ ತಪ್ಪಿಸಿಕೊಳ್ಳುವ ಉಪಾಯ.

ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಗ್ಯಾನಿಮೀಡ್‌ನ ವಿಷಯದಲ್ಲಿ ತಪ್ಪಿದರೆ ಯಾರಿಗೂ ನೋವಾಗುವುದಿಲ್ಲ. ಇನ್ನೊಂದು ನೌಕೆ ಹೋಗಿ ತಿದ್ದುತ್ತದೆ. ‘ನಮ್ಮ ಮನೆಯಲ್ಲಿ ಇಲ್ಲ’, ‘ನಮ್ಮ ಕಾಲೇಜಿನಲ್ಲಿ ಇಲ್ಲ’, ‘ನಮ್ಮ ಕಾಲದಲ್ಲಿ ಇಲ್ಲ’ ಎಂಬ ಮಾತುಗಳು ತಪ್ಪಿದಾಗ ಅದರ ಭಾರ ಹೇಳಿದವನ ಮೇಲೆ ಬೀಳುವುದಿಲ್ಲ, ಕಂಡವನ ಮೇಲೆ ಬೀಳುತ್ತದೆ. ತಾನು ಕಂಡದ್ದನ್ನು ಅವನು ಮತ್ತೆ ಮತ್ತೆ ರುಜುವಾತು ಮಾಡಬೇಕಾಗುತ್ತದೆ. ಹಾಗಾಗಿ ಯಾರ ‘ಇಲ್ಲ’ದಿಂದ ಇನ್ನೊಬ್ಬರು ನೋಯಬಹುದೋ ಅವರ ಹುಡುಕಾಟ ಖಗೋಳಜ್ಞರದ್ದಕ್ಕಿಂತ ಸಡಿಲವಾಗಿರುವುದು ಸರಿಯಲ್ಲ. ವಾಸ್ತವದಲ್ಲಿ ಆಗಿರುವುದು ತಿರುಗುಮುರುಗು. ಅರವತ್ತು ಕೋಟಿ ಕಿಲೋಮೀಟರ್ ಆಚೆಯ ಗಾಳಿಯ ಬಗ್ಗೆ ನಾವು ಎಷ್ಟು ಜಾಗ್ರತೆಯಿಂದ ಮಾತಾಡುತ್ತೇವೆ! ಹಿತ್ತಲಿನ ಬಗ್ಗೆ ಎಷ್ಟು ಸಲೀಸಾಗಿ!

ಗ್ಯಾನಿಮೀಡ್‌ನ ಕಥೆಯಲ್ಲಿ ಈಚಿನದೊಂದು ಅಧ್ಯಾಯ ಉಳಿದಿದೆ. 2023ರಲ್ಲಿ ಕ್ಯಾಥರೀನ್ ಡಿ ಕ್ಲೀರ್ ಮತ್ತು ಸಂಗಡಿಗರು ಆ ತೆಳು ಗಾಳಿಯನ್ನು ಮತ್ತೆ ನೆಲದಿಂದಲೇ, ಕಣ್ಣಿಗೆ ಕಾಣುವ ಬೆಳಕಿನಲ್ಲೇ ಗುರುತಿಸಿದ್ದನ್ನು ಪ್ರಕಟಿಸಿದರು. ಹವಾಯಿಯ ಮೌನಾ ಕಿಯಾ ಬೆಟ್ಟದ ಮೇಲಿರುವ, ಹತ್ತು ಮೀಟರ್ ಕನ್ನಡಿಯ ಕೆಕ್ ದೂರದರ್ಶಕವೇ ಅದರಲ್ಲಿ ಮುಖ್ಯವಾಗಿತ್ತು. ಗುರುವಿನ ಸುತ್ತ ಧಾವಿಸುವ ವಿದ್ಯುತ್ ಕಣಗಳು ಆಮ್ಲಜನಕಕ್ಕೆ ಬಡಿದಾಗ ನಸುಗೆಂಪು ಹೊಳಪು ಹುಟ್ಟುತ್ತದೆ, ನಮ್ಮ ಧ್ರುವಪ್ರದೇಶದ ಆಕಾಶದಲ್ಲಿ ಕಾಣುವಂಥದೇ. ಆದರೆ ಬಿಸಿಲಿಗೆ ಬೆಳಗುವ ಮಂಜುಗಡ್ಡೆಯ ಮುಂದೆ ಆ ಹೊಳಪು ಏನೇನೂ ಅಲ್ಲ. ಹಾಗಾಗಿ ಉಪಗ್ರಹ ಗುರುವಿನ ನೆರಳಿನೊಳಗೆ ಪೂರ್ತಿ ಹೊಕ್ಕು ಕಪ್ಪಾಗುವವರೆಗೆ ಅವರು ಕಾಯಬೇಕಾಯಿತು. ಬೆಳಕು ತೆಗೆದ ಮೇಲೆ ಕಂಡಿತು.

ಇದನ್ನು ಓದಿದಾಗ ನನಗೆ ಅಜ್ಜಿಯೇ ನೆನಪಾದಳು. ಅವಳ ಪ್ರೀತಿ ಸುಳ್ಳಲ್ಲ. ಆ ಬೆಳ್ಳಿ ಲೋಟದ ನೀರು ನನಗೆ ನಿಜವಾಗಿಯೂ ತಂಪಾಗಿತ್ತು. ನನ್ನ ಬಾಲ್ಯದ ಮೇಲೆ ಬಿದ್ದದ್ದು ಆ ಬೆಳಕೇ, ಅದರ ಪ್ರಖರತೆಯಲ್ಲೇ ಗೂಡಿನ ಲೋಟ ಕಾಣದೆ ಹೋಯಿತು. ಅದು ಕಾಣಬೇಕಾದರೆ ಆ ಪ್ರೀತಿಯನ್ನು ನಿರಾಕರಿಸಬೇಕಿಲ್ಲ, ಸ್ವಲ್ಪ ಹೊತ್ತು ಬದಿಗಿಟ್ಟು ನೋಡಬೇಕು. ಹಾಗೆ ನೋಡುವುದು ಅವಳಿಗೆ ಮಾಡುವ ದ್ರೋಹವೇನೋ ಎಂದು ಮನಸ್ಸು ಹಿಂಜರಿಯುತ್ತದೆ. ಆ ಹಿಂಜರಿಕೆಯೇ ನನ್ನ ದೂರದರ್ಶಕದ ದೋಷ ಎಂದು ಈಗ ತಿಳಿದಿದೆ.

ಗೆಳೆಯನಿಗೆ ಫೋನ್ ಮಾಡಲು ಬಹಳ ದಿನ ಹಿಡಿಯಿತು. ಅವನೀಗ ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಹೈಸ್ಕೂಲು ಮೇಷ್ಟ್ರು. ಅದೂ ಇದೂ ಮಾತಾಡಿ ಕೊನೆಗೆ ಲೋಟದ ವಿಷಯ ಹೇಳಿದೆ. ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ, ಅಂದಿದ್ದರೂ ಆ ಮಾತು ಸಣ್ಣದೇ ಆಗುತ್ತಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಒಂದು ಸಿಕ್ತಲ್ಲ, ಇನ್ನೂ ಇರ್ತಾವೆ. ಹುಡುಕು” ಎಂದ.

ಹುಡುಕುತ್ತಿದ್ದೇನೆ. ಮನೆಯಲ್ಲಿ, ತರಗತಿಯಲ್ಲಿ, ನಾನು ಯಾರ ಉತ್ತರಪತ್ರಿಕೆಯನ್ನು ಹೇಗೆ ಓದುತ್ತೇನೆ ಎಂಬುದರಲ್ಲಿ. ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ ಎಂದು ಈಗ ಹೇಳುವುದಿಲ್ಲ. ಇಷ್ಟಕ್ಕಿಂತ ಹೆಚ್ಚಿರಲಾರದು ಎನ್ನುವಷ್ಟು ಹುಡುಕಾಟವೂ ಇನ್ನೂ ಆಗಿಲ್ಲ. ಇಷ್ಟಂತೂ ಇತ್ತು ಎಂದು ಮಾತ್ರ ಹೇಳಬಲ್ಲೆ: ಕೊಟ್ಟಿಗೆಯ ಗೋಡೆ, ಎಡಗಡೆಯ ಗೂಡು, ಬೋರಲು ಹಾಕಿದ ಒಂದು ಲೋಟ.